ಬಣ್ಣದ ವಿಭಾಗದ ಎರಡನೇ ದರ್ಜೆ

ಪ್ರತಿ ತಿಂಗಳ ಏಳನೇ ತಾರೀಖು ರುಸಿ ಗೆಂಚೆವ್ ಟೈ ಕಟ್ಟಿಕೊಂಡು ಅಂಚೆ ಕಚೇರಿಯ ಸಾಲಿನಲ್ಲಿ ನಿಲ್ಲುತ್ತಿದ್ದ. ಊರಿನ ಪಿಂಚಣಿ ಬಟವಾಡೆ ಆಗುವುದು ಆವತ್ತೇ. ಮುದುಕಿಯರು ಏಳು ಗಂಟೆಗೇ ಚೀಲ ಹಿಡಿದು ಬಂದು ಮೆಟ್ಟಿಲ ಮೇಲೆ ಕೂತಿರುತ್ತಾರೆ; ಬಾಗಿಲು ತೆರೆಯುವ ಹೊತ್ತಿಗೆ ಊರಿನ ಸುದ್ದಿಯೆಲ್ಲ ಒಂದು ಸುತ್ತು ಮುಗಿದಿರುತ್ತದೆ. "ಸಂಘದ ಅಧ್ಯಕ್ಷ ಆದ್ರೇನು, ನಮ್ ಜೊತೇಲೇ ನಿಲ್ತಾನೆ ನೋಡು" ಎಂದು ಅವರು ಅವನ ಬಗ್ಗೆ ಹೆಮ್ಮೆಪಡುತ್ತಿದ್ದರು. ಅವನು ಅಲ್ಲಿ ನಿಲ್ಲುತ್ತಿದ್ದದ್ದು ಕರೆಂಟ್ ಬಿಲ್ಲು ಕಟ್ಟುವುದಕ್ಕೆ. ಅವನ ಪಿಂಚಣಿ ಬ್ಯಾಂಕಿಗೆ ಹೋಗುತ್ತಿತ್ತು. ಅಂಚೆಯವಳು ನೋಟು ಎಣಿಸುವಾಗ ಹಿಂದೆ ನಿಂತವರು ಕತ್ತು ಉದ್ದ ಮಾಡುವುದು ವಾಡಿಕೆ, ಮತ್ತು ರುಸಿಯ ನೋಟುಗಳನ್ನು ಯಾರೂ ನೋಡುವ ಹಾಗಿರಲಿಲ್ಲ.

ಹಾಗೆಂದು ಅವನು ಕೆಟ್ಟ ಮನುಷ್ಯನೇನಲ್ಲ. ಕೆಟ್ಟವನಾಗಿದ್ದರೆ ಅವನ ಕತೆ ಹೇಳುವುದು ಸುಲಭವಿತ್ತು. ಬಾಲ್ಕನ್ ಬೆಟ್ಟದ ಬುಡದ ಈ ಊರಿನಲ್ಲೇ ಹುಟ್ಟಿ, ಹತ್ತೊಂಬತ್ತಕ್ಕೆ ಹೊಳೆದಂಡೆಯ ಉಣ್ಣೆ ಗಿರಣಿ ಸೇರಿ, ಮೂವತ್ತು ತುಂಬುವ ಮೊದಲೇ ಬಣ್ಣದ ವಿಭಾಗದ ಮೇಸ್ತ್ರಿಯಾದವನು. ಗಟ್ಟಿ ದನಿ, ನೆಟ್ಟಗಿನ ಬೆನ್ನು, ಯಾರ ಮೇಲೂ ಕೈ ಎತ್ತಿದವನಲ್ಲ, ಯಾರ ಸೊಂಟದ ಮೇಲೂ ಕೈ ಇಟ್ಟವನಲ್ಲ. ಆ ಕಾಲದ ಮೇಸ್ತ್ರಿಗಳಲ್ಲಿ ಇದು ಸಣ್ಣ ಮಾತಲ್ಲ.

ಬಣ್ಣದ ವಿಭಾಗದಲ್ಲಿ ದುಡಿಯುತ್ತಿದ್ದವರೆಲ್ಲ ಹೆಂಗಸರು. ಆಳೆತ್ತರದ ಹಂಡೆಗಳಲ್ಲಿ ಬಣ್ಣ ಕುದಿಯುತ್ತಿತ್ತು. ಒದ್ದೆ ಉಣ್ಣೆಯನ್ನು ಕೋಲಿನಿಂದ ಎತ್ತಿ ಎತ್ತಿ ತಿರುಗಿಸಬೇಕು. ಹಬೆಯಲ್ಲಿ ಮೂರು ಮಾರು ದೂರದವರ ಮುಖ ಕಾಣದು, ಮೂಗಿನೊಳಗೆ ಹುಳಿ ಹುಳಿ ಉರಿ. ಗಿರಣಿಗೆ ಯಾವ ಆರ್ಡರು ಬಂದಿದೆ ಎಂದು ತಿಳಿಯಲು ಇವರ ಕೈ ನೋಡಿದರೆ ಸಾಕಿತ್ತು. ನಾವಿಕರ ಕೋಟಿಗೆ ನೀಲಿ, ಸೈನ್ಯದ ಕೋಟಿಗೆ ಕಂದು. ಮದುವೆಗೆ ಹೋಗುವಾಗ ಬೇಸಿಗೆಯಲ್ಲೂ ಕೈಗವಸು ತೊಟ್ಟು ಹೋಗುತ್ತಿದ್ದರು. ರುಸಿ ಮೂಲೆಯ ಗಾಜಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತು ಪುಸ್ತಕ ಬರೆಯುತ್ತಿದ್ದ.

ಮೂರು ತಿಂಗಳಿಗೊಮ್ಮೆ ಗಾಳಿ ಅಳೆಯುವವನು ಪೆಟ್ಟಿಗೆ ಹಿಡಿದು ಬರುತ್ತಿದ್ದ. ಅವನು ಗೇಟು ದಾಟುವ ಮೊದಲೇ ಕಾವಲುಗಾರ ಫೋನ್ ಮಾಡುತ್ತಿದ್ದ. ರುಸಿ ಒಂದು ಸೀಟಿ ಹೊಡೆದರೆ ಹಂಡೆಗಳ ಉರಿ ಆರುತ್ತಿತ್ತು, ಹೊಳೆಯ ಕಡೆಯ ಕಿಟಕಿಗಳೆಲ್ಲ ತೆರೆಯುತ್ತಿದ್ದವು, ನೆಲಕ್ಕೆ ತಣ್ಣೀರು ಬೀಳುತ್ತಿತ್ತು. ಅಳೆಯುವವನಿಗೆ ಮೊದಲು ಚೀಸ್ ತುಂಬಿದ ಬಿಸಿ ಬಾನಿತ್ಸಾ, ಆಮೇಲೆ ಒಂದು ಲೋಟ ದ್ರಾಕ್ಷಿಯ ಸಾರಾಯಿ, ಕೊನೆಗೆ ಕಿಟಕಿಯ ಪಕ್ಕ ಕುರ್ಚಿ. ಅವನು ಕೂತಲ್ಲೇ ಅಳೆದು "ಗಾಳಿ ಶುದ್ಧ" ಎಂದು ಬರೆಯುವನು, ರುಸಿ ಕೆಳಗೆ ಸಹಿ ಹಾಕುವನು. ವರ್ಷದ ಕೊನೆಗೆ ಮಾದರಿ ವಿಭಾಗದ ಕೆಂಪು ಬಾವುಟ ಇವರಿಗೇ. ಬಾವುಟದ ಜೊತೆಗೆ ಕಪ್ಪು ಸಮುದ್ರದ ದಂಡೆಯಲ್ಲಿ ಹತ್ತು ದಿನದ ರಜೆ. ಹೆಂಗಸರು ನಗುನಗುತ್ತಲೇ ಕಿಟಕಿ ತೆರೆಯುತ್ತಿದ್ದರು. ಅದು ಎಲ್ಲರೂ ಸೇರಿ ಆಡುತ್ತಿದ್ದ ಆಟ.

ಆಮೇಲೆ ಕಾಲ ಮಗುಚಿತು, ಗಿರಣಿ ಮುಚ್ಚಿತು. ಬೀಗ ಹಾಕುವ ವಾರ ನಿರ್ದೇಶಕ ತನ್ನ ಮೇಸ್ತ್ರಿಗಳನ್ನು ಕರೆದು ತಲೆಗೊಂದು ಕಾಗದ ಕೊಟ್ಟ: ಈತ ವಿಷದ ಹಬೆಯ ನಡುವೆ ಖಾಯಂ ದುಡಿದವನು, ಎರಡನೇ ದರ್ಜೆಯ ದುಡಿಮೆ ಎಂದು. ಬಲ್ಗೇರಿಯಾದಲ್ಲಿ ದುಡಿಮೆಗೆ ದರ್ಜೆಗಳಿವೆ. ಎರಡನೆಯದು ಮೈ ಸವೆಸುವ ಕೆಲಸಕ್ಕೆ, ಪಿಂಚಣಿ ಬೇಗ ಬರುತ್ತದೆ, ಹೆಚ್ಚೂ ಬರುತ್ತದೆ. ಮೂರನೆಯದು ಅಂಗಡಿ, ಕಚೇರಿ, ಶಾಲೆ ಎಂದು ಉಳಿದವರಿಗೆಲ್ಲ. ಹಂಡೆಯ ಮುಂದೆ ನಿಂತ ಹೆಂಗಸರ ಕಾಗದಗಳಲ್ಲಿ "ಸಾಮಾನ್ಯ ಕೆಲಸಗಾರ್ತಿ" ಎಂದಷ್ಟೇ ಇತ್ತು. ಫ್ಯಾನಿನ ಕೆಳಗೆ ಕೂತವನಿಗೆ ಎರಡನೇ ದರ್ಜೆ ಸಿಕ್ಕಿತು. ರುಸಿ ಆ ದಿನ ಮನೆಗೆ ಬಂದು ಹೆಂಡತಿಗೆ ತೋರಿಸಿದ. "ಸುಮ್ನಿರು, ಎಲ್ರೂ ಅವರವರ ಪಾಡು ನೋಡ್ಕೋತಿದ್ದಾರೆ" ಎಂದು ಅವಳು ಅದನ್ನು ಬೀರುವಿನಲ್ಲಿಟ್ಟಳು. ಪಿಂಚಣಿ ಕಚೇರಿಯ ಮಂಜೂರಾತಿ ಮೊಹರು ಬಿದ್ದು ಅದು ಮತ್ತೆ ಅಲ್ಲಿಗೇ ಬಂತು; ಅವಳು ತೀರಿಕೊಂಡ ಮೇಲೂ ಅಲ್ಲೇ ಇತ್ತು.

ಪಿಂಚಣಿದಾರರ ಸಂಘ ಅವನನ್ನು ಅಧ್ಯಕ್ಷನನ್ನಾಗಿ ಆರಿಸಿದ್ದು ದನಿಗಾಗಿ. ಮೈಕ್ ಇಲ್ಲದೆಯೂ ಕೊನೆಯ ಸಾಲಿಗೆ ಕೇಳುತ್ತಿತ್ತು. ಬಣ್ಣದ ವಿಭಾಗದ ನಲವತ್ತೊಂದು ಹೆಂಗಸರು ತಮಗೂ ಎರಡನೇ ದರ್ಜೆ ಬೇಕೆಂದು ಹೋರಾಟ ಹೂಡಿದಾಗ ಅವನು ಬೇಡ ಎನ್ನಲಿಲ್ಲ. ಎನ್ನುವುದಾದರೂ ಹೇಗೆ? ಅವರ ಮುಂದೆ ನಡೆದರೆ ತನ್ನ ತಪ್ಪು ಸ್ವಲ್ಪ ಸವೆದೀತು ಎಂದು ಒಳಗೊಳಗೇ ಅಂದುಕೊಂಡ. ಆರು ವರ್ಷ ಜಿಲ್ಲಾ ಪಿಂಚಣಿ ಕಚೇರಿಯ ಮುಂದೆ ಫಲಕ ಹಿಡಿದು ನಿಂತ. ಎರಡು ಸಲ ಸೋಫಿಯಾಕ್ಕೆ ಬಸ್ ಮಾಡಿಕೊಂಡು ಹೋಗಿ ಹಿಮದಲ್ಲಿ ಕೂಗಿದ. ನೆದ್ಯಾಲ್ಕಾ ಎಂಬಾಕೆ, ನೀಲಿ ಹಂಡೆಯವಳು, ಕೆಮ್ಮಿ ಕೆಮ್ಮಿ ಹತ್ತು ಹೆಜ್ಜೆಗೊಮ್ಮೆ ಕೂರಬೇಕಾಗುತ್ತಿತ್ತು. ಅವಳಿಗೊಂದು ಮಡಚುವ ಸ್ಟೂಲನ್ನು ಇವನೇ ಹೊರುತ್ತಿದ್ದ. ಅಷ್ಟರಲ್ಲಿ ಹನ್ನೊಂದು ಜನ ಸತ್ತರು. ಪ್ರತಿ ಗೋರಿಯ ಮುಂದೆ ಇವನೇ ಭಾಷಣ ಮಾಡಿದ. ಹನ್ನೊಂದನೆಯವಳು ನೆದ್ಯಾಲ್ಕಾ, ಮಾರ್ಚಿನಲ್ಲಿ ಹೋದಳು.

ಏಪ್ರಿಲ್‌ನ ಒಂದು ಮಂಗಳವಾರ ವಕೀಲೆ ಇಸ್ಕ್ರಾ ಸಂಘದ ಕೋಣೆಗೆ ಬಂದಳು. ಅವಳಿಗೆ ಇನ್ನೂ ಮೂವತ್ತಾಗಿಲ್ಲ, ಕಾಸು ತೆಗೆದುಕೊಳ್ಳದೆ ಇವರ ಕೇಸು ನಡೆಸುತ್ತಿದ್ದಳು. ದಾಖಲೆ ಭಂಡಾರದಿಂದ ತಂದ ಹಾಳೆಗಳನ್ನು ಮೇಜಿನ ಮೇಲೆ ಹರಡಿದಳು.

"ಗಾಳಿ ಅಳೆದ ಹಾಳೆಗಳು ಸಿಕ್ಕಿವೆ. ಒಂದೂ ಕಳೆದಿಲ್ಲ" ಎಂದಳು. "ಕಳೆದಿದ್ರೇ ಚೆನ್ನಾಗಿತ್ತು. ಎಲ್ಲದರಲ್ಲೂ ಗಾಳಿ ಶುದ್ಧ ಅಂತಿದೆ. ಗೆಂಚೆವ್ ಅವರೇ, ಕೆಳಗೆ ನಿಮ್ಮ ಸಹಿ."

ದೋನ್ಕಾ ನಕ್ಕಳು. ಸಂಘದ ಖಜಾಂಚಿ, ಕಂದು ಹಂಡೆಯವಳು, ನಾಲಿಗೆ ಹರಿತ. "ಮಗಳೇ, ಆ ಸಹಿ ಅವನದು, ಕಿಟಕಿ ತೆಗೆದ ಕೈ ನಮ್ಮದು. ನಾನೇ ಬಾನಿತ್ಸಾ ಮಾಡಿ ತರ್ತಿದ್ದೆ. ಸಮುದ್ರ ನೋಡೋ ಆಸೆಗೆ ನಮ್ ಶ್ವಾಸಕೋಶ ನಾವೇ ಮಾರ್ಕೊಂಡ್ವಿ."

"ಹಾಗಂತ ಕಚೇರೀಲಿ ಹೇಳಿದ್ರೆ ಒಪ್ಪಲ್ಲ, ದೋನ್ಕಾ ಚಿಕ್ಕಮ್ಮ. ಈಗ ಉಳಿದಿರೋದು ಒಂದೇ ದಾರಿ. ಆ ವಿಭಾಗದ ಒಬ್ಬರಿಗಾದ್ರೂ, ಒಂದೇ ಒಬ್ಬರಿಗೆ, ಕಚೇರಿ ಹಿಂದೆ ಎರಡನೇ ದರ್ಜೆ ಕೊಟ್ಟಿದ್ರೆ ಸಾಕು. ಅದೇ ಸೂರು, ಅದೇ ಹಬೆ. ಅವರಿಗೆ ಕೊಟ್ಟು ನಿಮಗಿಲ್ಲ ಅನ್ನೋಕಾಗಲ್ಲ. ಅಂಥವರು ಯಾರಾದ್ರೂ ಇದ್ದಾರಾ?"

"ಇದ್ದಿದ್ರೆ ನಾವು ಆರು ವರ್ಷ ಬೀದಿ ಅಲೀತಿದ್ವಾ?" ಎಂದಳು ದೋನ್ಕಾ. "ರುಸಿ, ನಿಂಗೇನಾದ್ರೂ ಗೊತ್ತಾ?"

ಆರು ವರ್ಷ ರುಸಿಯನ್ನು ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ತನ್ನ ಕಾಗದ ಬರೀ ತನ್ನ ನಾಚಿಕೆ ಎಂದು ಅವನು ತಿಳಿದಿದ್ದ. ಅದು ಇವರೆಲ್ಲರ ಬೀಗದ ಕೈ ಎಂದು ಅವನಿಗೆ ಹೊಳೆದೇ ಇರಲಿಲ್ಲ. ಅಥವಾ ಹೊಳೆಯಲು ಅವನು ಬಿಟ್ಟಿರಲಿಲ್ಲ. ಇದನ್ನು ಅವನೂ ಖಚಿತವಾಗಿ ಹೇಳಲಾರ.

"ನನಗೆ ತಿಳಿದ ಹಾಗೆ ಯಾರೂ ಇಲ್ಲ" ಎಂದ.

ಹಾಗಾದರೆ ಅರ್ಜಿ ಹಿಂತೆಗೆದುಕೊಳ್ಳುವುದೇ ಒಳ್ಳೆಯದು, ಮುಂದಿನ ವಾರ ತೀರ್ಮಾನಿಸೋಣ ಎಂದು ಇಸ್ಕ್ರಾ ಹಾಳೆಗಳನ್ನು ಜೋಡಿಸಿಕೊಂಡಳು. ಹೆಂಗಸರು ಅಳಲಿಲ್ಲ, ಜಗಳಾಡಲಿಲ್ಲ. ಅವರು ಮಾಡಿದ್ದು ರುಸಿಗೆ ಇನ್ನೂ ಕಷ್ಟದ್ದು: ದೋನ್ಕಾ ಚೀಲದಿಂದ ಒಂದು ಉಣ್ಣೆಯ ಮಫ್ಲರ್ ತೆಗೆದು ಅವನ ಕೊರಳಿಗೆ ಸುತ್ತಿದಳು. ಮೂವತ್ತು ಜನವೂ ನಾಲ್ಕು ನಾಲ್ಕು ಬೆರಳಗಲ ಹೆಣೆದದ್ದಂತೆ, ಅದಕ್ಕೇ ಅಷ್ಟುದ್ದ.

"ಗೆದ್ದ ದಿನ ಕೊಡೋಣ ಅಂತಿದ್ವಿ. ಸೋತ ದಿನಾನೂ ಚಳಿ ಇರುತ್ತಲ್ಲ, ಹಾಕ್ಕೋ. ನಮಗೋಸ್ಕರ ಗಂಟಲು ಹರ್ಕೊಂಡೆ, ಪಾಪ."

ಆ ವಾರ ಅವನು ಮಫ್ಲರನ್ನು ಕುರ್ಚಿಯ ಮೇಲಿಟ್ಟರೆ ಕಣ್ಣಿಗೆ ಬೀಳುತ್ತಿತ್ತು, ಬೀರುವಿನಲ್ಲಿಟ್ಟರೆ ಆ ಕಾಗದದ ಪಕ್ಕವೇ ಇಡಬೇಕಾಗುತ್ತಿತ್ತು. ಬ್ರೆಡ್ಡು ತರಲು ಹೋದಾಗ ದೀಪದ ಕಂಬಕ್ಕೆ ಅಂಟಿಸಿದ, ನೆದ್ಯಾಲ್ಕಾಳ ಫೋಟೊ ಇದ್ದ ಸಾವಿನ ಚೀಟಿ ಕಂಡು ಇನ್ನೊಂದು ಬೀದಿ ಹಿಡಿದ. ಅಲ್ಲೂ ಒಂದು ಇತ್ತು. ನಮ್ಮ ಊರಿನಲ್ಲಿ ಸತ್ತವರ ಮುಖ ತಪ್ಪಿಸಿ ನಡೆಯುವುದಕ್ಕೆ ದಾರಿಯೇ ಇಲ್ಲ. ಎಪ್ಪತ್ತೊಂದು ವರ್ಷಕ್ಕೆ ಮೊದಲ ಸಲ ಅವನು ಯಾರೂ ಎದುರಾಗದಿದ್ದರೆ ಸಾಕೆಂದು ಗೋಡೆ ಹಿಡಿದು ನಡೆದ.

ಮಂಗಳವಾರ ಸಂಘದಲ್ಲಿ ನರ್ಸ್ ಬಂದು ಎಲ್ಲರ ರಕ್ತದೊತ್ತಡ ನೋಡುವ ದಿನ. ಇವನ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದವಳು ಯಂತ್ರ ಕೆಟ್ಟಿದೆಯೆಂದುಕೊಂಡು ಮತ್ತೊಮ್ಮೆ ನೋಡಿದಳು. "ಅಧ್ಯಕ್ಷರೇ, ಮಲಗಬೇಕು ನೀವು" ಎಂದಳು. ರುಸಿ ಇನ್ನೊಂದು ಕೈಯಿಂದ ಕೋಟಿನ ಜೇಬಿನಲ್ಲಿದ್ದ ಕಾಗದ ತೆಗೆದು ಮೇಜಿನ ಮೇಲಿಟ್ಟ. ನರ್ಸ್ ಹೊರಗೆ ಹೋಗುವವರೆಗೆ ಯಾರೂ ಅದನ್ನು ಮುಟ್ಟಲಿಲ್ಲ. ಆಮೇಲೆ ದೋನ್ಕಾ ಕನ್ನಡಕ ಏರಿಸಿ, ಎಲ್ಲರಿಗೂ ಕೇಳಲೆಂದು ಗಟ್ಟಿಯಾಗಿ ಓದಿದಳು. ಹೆಸರು ಓದಿದಳು, ದರ್ಜೆ ಓದಿದಳು. ಕಚೇರಿಯ ಮಂಜೂರಾತಿ ಮೊಹರಿನ ತಾರೀಖು ಓದುವಾಗ ದನಿ ತಗ್ಗಿತು. ಹದಿನೇಳು ವರ್ಷದ ಹಿಂದಿನದು.

"ಇದೇ" ಎಂದಳು ಇಸ್ಕ್ರಾ. "ಇದೇ ಬೇಕಾಗಿದ್ದು. ಇದರಿಂದ ಗೆಲ್ತೀವಿ." ಅವಳ ಖುಷಿಗೆ ಜೊತೆಯಾಗಲು ಕೋಣೆಯಲ್ಲಿ ಒಬ್ಬರೂ ಇರಲಿಲ್ಲ.

"ಏನಾದ್ರೂ ಅನ್ನು, ದೋನ್ಕಾ" ಎಂದ ರುಸಿ.

"ಏನನ್ಲಿ? ಹೋದ ವಾರ ಕೇಳ್ದಾಗ ಇಲ್ಲ ಅಂದೆಯಲ್ಲ, ಅದನ್ನ ಇನ್ನೂ ಅರಗಿಸ್ಕೋತಿದ್ದೀನಿ. ಅದಕ್ಕಿಂತ ಹಿಂದಿಂದು ಆಮೇಲೆ."

"ಅಧ್ಯಕ್ಷತೆ ಬಿಡ್ತೀನಿ."

"ಬಿಡೋದು ನಿನ್ನ ಕೈಲಿಲ್ಲ. ಬಿಟ್ರೆ ಊರು ಯಾಕೆ ಅಂತ ಕೇಳುತ್ತೆ. ಈ ಗಂಡಸು ಜೇಬಲ್ಲಿ ರೊಟ್ಟಿ ಇಟ್ಕೊಂಡು ನಮ್ ಜೊತೆ ಹಸಿವು ಹಸಿವು ಅಂತ ಕೂಗ್ತಿದ್ದ, ನಾವು ಪೆದ್ದಿಯರು ಹಿಂದಿಂದೆ ಕುರಿ ಹಾಗೆ ನಡೀತಿದ್ವಿ ಅಂತ ಹೇಳಬೇಕಾ? ಈ ವಯಸ್ಸಲ್ಲಿ ನಗೆಪಾಟಲಾಗೋಕೆ ನಮಗಿಷ್ಟ ಇಲ್ಲ. ಕಾಗದ ಭಂಡಾರದಲ್ಲಿ ಸಿಕ್ತು ಅಂತ ಹೇಳೋಣ. ಈ ಮಾತು ಈ ಕೋಣೆ ದಾಟಬಾರದು."

ಮೂವತ್ತು ಕೈಗಳು ಮೇಲೆದ್ದವು. ಅಷ್ಟು ಒಮ್ಮತದ ಠರಾವು ಆ ಸಂಘದಲ್ಲಿ ಹಿಂದೆ ಆಗಿರಲಿಲ್ಲ. ತಮ್ಮ ಮಾನ ಉಳಿಸಿಕೊಳ್ಳಲು ಅವರು ಅವನ ಮಾನ ಉಳಿಸಿದರು, ಮತ್ತು ಅದು ಅವನಿಗೆ ಬೈಗುಳಕ್ಕಿಂತ ಕೆಟ್ಟದಾಗಿ ತಟ್ಟಿತು.

ಸೆಪ್ಟೆಂಬರಿನಲ್ಲಿ ಮೂವತ್ತು ಮನೆಗೂ ಕಚೇರಿಯ ಪತ್ರ ಬಂತು. ಎರಡನೇ ದರ್ಜೆ ಮಂಜೂರು. ಊರು ರುಸಿಯನ್ನು ಹೊತ್ತು ಮೆರೆಸಲಿಲ್ಲ ಅಷ್ಟೆ. ಬೇಕರಿಯವನು ಕಾಸು ಬೇಡ ಎಂದ, ಪಾದ್ರಿ ದಾರಿಯಲ್ಲಿ ನಿಲ್ಲಿಸಿ ಕೈ ಕುಲುಕಿದ. ಸಂಘದ ಹೆಂಗಸರು ಎದುರಾದರೆ ಮಾತ್ರ ಚೀಲದಲ್ಲಿ ಏನನ್ನೋ ಹುಡುಕುತ್ತ ದಾಟಿಹೋಗುತ್ತಿದ್ದರು. ಹೊಗಳಿಕೆ ಕೇಳಿದಾಗಲೆಲ್ಲ ಅವನು ನೆಲ ನೋಡುತ್ತಿದ್ದ, ಜನ ಅದನ್ನು ವಿನಯ ಎಂದುಕೊಂಡರು.

ಅದೇ ತಿಂಗಳ ಒಂದು ಶನಿವಾರ ಬೆಳಿಗ್ಗೆ ನೆದ್ಯಾಲ್ಕಾಳ ಮಗ ಮಿಂಚೊ ಬಾಗಿಲು ತಟ್ಟಿದ. ಐವತ್ತರ ಬಸ್ ಡ್ರೈವರ್, ಕಪ್ಪು ಅಂಗಿ, ಕೈಯಲ್ಲಿ ತಟ್ಟೆ. ಅಮ್ಮನ ಆರು ತಿಂಗಳ ತಿಥಿ. ಬೇಯಿಸಿದ ಗೋಧಿಗೆ ಸಕ್ಕರೆ, ಆಕ್ರೋಟು ಬೆರೆಸಿ ಸಣ್ಣ ಲೋಟಗಳಲ್ಲಿ ತುಂಬಿ ಸತ್ತವರ ಹೆಸರಲ್ಲಿ ಮನೆಮನೆಗೆ ಕೊಡುವುದು ನಮ್ಮ ಪದ್ಧತಿ. ಕೊಟ್ಟರಷ್ಟೇ ಸಾಲದು. ತೆಗೆದುಕೊಂಡವರು ಸತ್ತವರ ಹೆಸರು ಹೇಳಿ "ದೇವರು ಕ್ಷಮಿಸಲಿ" ಎನ್ನಬೇಕು, ಆಗಲೇ ಅದು ಅವರಿಗೆ ಮುಟ್ಟುತ್ತದೆ.

"ಮೊದಲು ನಿಮ್ಮ ಮನೆಗೇ ಬಂದೆ, ರುಸಿ ಚಿಕ್ಕಪ್ಪ" ಎಂದ ಮಿಂಚೊ. "ಅಮ್ಮ ಇದ್ದಿದ್ರೆ ಹಾಗೇ ಅಂತಿದ್ಲು. ಸ್ಟೂಲು ಹೊತ್ಕೊಂಡು ಬರ್ತಿದ್ರಂತೆ ನೀವು. ಅವಳಿಗೆ ಸಿಗ್ಲಿಲ್ಲ ಅಂದ್ರೂ ಉಳಿದವರಿಗಾದ್ರೂ ಕೊಡಿಸಿದ್ರಿ. ಒಂದಾರು ತಿಂಗಳು ತಡ ಆಯ್ತು, ಅದು ಅವಳ ಹಣೆಬರಹ. ತಗೊಳ್ಳಿ."

ರುಸಿ ಲೋಟ ತೆಗೆದುಕೊಂಡ. ಮಿಂಚೊ ಮಾತಿಗಾಗಿ ಕಾದ. ಇನ್ನೂ ಇಪ್ಪತ್ತು ಮನೆ ಸುತ್ತಬೇಕಿತ್ತು ಅವನಿಗೆ.

"ಹಣೆಬರಹ ಅಲ್ಲ, ಮಿಂಚೊ" ಎಂದ ರುಸಿ. ಬೀದಿಯ ತುದಿಗೆ ಕೇಳುತ್ತಿದ್ದ ಆ ದನಿ ಈಗ ಬಾಗಿಲಾಚೆಗೂ ದಾಟುತ್ತಿರಲಿಲ್ಲ. "ಆ ಕಾಗದ ಭಂಡಾರದಲ್ಲಿ ಸಿಕ್ಕಿದ್ದಲ್ಲ. ನನ್ನದು. ಹದಿನೇಳು ವರ್ಷ ನನ್ನ ಬೀರುವಲ್ಲಿತ್ತು. ನನಗೆ ಎರಡನೇ ದರ್ಜೆ ಆಗಿಂದಾನೂ ಬರ್ತಿದೆ. ಮೊದಲ ವರ್ಷಾನೇ ತೋರಿಸಿದ್ದಿದ್ರೆ ನಿಮ್ಮಮ್ಮನಿಗೂ ಬರ್ತಿತ್ತು. ಔಷಧಿಗೆ ಆಗ್ತಿತ್ತು. ನಾಚಿಕೆ ಆಯ್ತು ನಂಗೆ. ನಾಚಿಕೆಗೆ ಮುಚ್ಚಿಟ್ಟೆ."

ಮಿಂಚೊ ತಟ್ಟೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡ. ಹೊಡೆದಾನು ಎಂದು ರುಸಿ ಕಾದ, ಹೊಡೆಯಲಿ ಎಂದೂ ಕಾದ. ಲೋಟವನ್ನು ಹಿಂದಕ್ಕೆ ಚಾಚಿದ. ಮಿಂಚೊ ಅದನ್ನು ಮುಟ್ಟಲಿಲ್ಲ.

"ಕೊಟ್ಟಿದ್ದನ್ನ ವಾಪಸ್ ತಗೊಳ್ಳಲ್ಲ. ಮಾತು ಹೇಳಿ" ಎಂದ.

"ನನ್ನ ಬಾಯಲ್ಲಿ ಹೇಗೋ..."

"ಹೇಳಿ. ಅವಳ ಪಾಲು ಮತ್ತೆ ನಿಮ್ಮ ಹತ್ರಾನೇ ಉಳ್ಕೋಬಾರದು."

ಎಪ್ಪತ್ತೊಂದು ವರ್ಷದ ರುಸಿ ಗೆಂಚೆವ್ ಹೊಸ್ತಿಲಲ್ಲಿ ನಿಂತು, ಗೋಧಿಯ ಲೋಟ ಎರಡೂ ಕೈಯಲ್ಲಿ ಹಿಡಿದು, ನೆದ್ಯಾಲ್ಕಾಳನ್ನು ದೇವರು ಕ್ಷಮಿಸಲಿ ಎಂದ. ಮಿಂಚೊ ತಲೆಯಾಡಿಸಿ ಪಕ್ಕದ ಮನೆಯ ಕಡೆ ಹೊರಟ.