ಜುಗ್ಗನ ಆಂಪ್ಲಿಫೈಯರ್

ಆಫೀಸಿನಲ್ಲಿ ಎಲ್ಲರೂ ಅವನನ್ನು ಜುಗ್ಗ ಎಂದೇ ಕರೆಯುತ್ತಿದ್ದರು. ಕಾಫಿ ಕೊಡಿಸುವುದಿಲ್ಲ ಎಂದಲ್ಲ. ತನ್ನ ಆಂಪ್ಲಿಫೈಯರಿಗೆ ಕರೆಂಟ್ ಕೊಡಲು ಅವನಿಗೆ ಕೈಯೇ ಬರುತ್ತಿರಲಿಲ್ಲ. ಕಿವಿ ಮಂದವಾದವರ ಶ್ರವಣಯಂತ್ರಕ್ಕೆ ಫೋನಿನ ಮಾತು ಗಾಳಿಯಲ್ಲೇ ಬಂದು ತಲುಪಬೇಕು. ಬರುವ ಹೊತ್ತಿಗೆ ಆ ಸಿಗ್ನಲ್ ಸೋತು ಸುಣ್ಣವಾಗಿರುತ್ತದೆ. ಅದನ್ನು ಮೊದಲು ಕೈಹಿಡಿದು ಎತ್ತುವುದು ಯಂತ್ರದೊಳಗಿನ ಚಿಪ್ಪಿನ ಮೂಲೆಯಲ್ಲಿ ಕೂತ ಇವನ ಈ ಆಂಪ್ಲಿಫೈಯರ್ ಸರ್ಕ್ಯೂಟು. ಎತ್ತುವಾಗ ತನ್ನದೇ ಗದ್ದಲ ಸೇರಿಸಬಾರದು, ಅಂಗಿಯ ಗುಂಡಿಯಷ್ಟೂ ಇಲ್ಲದ ಬ್ಯಾಟರಿಯನ್ನು ಹೀರಲೂ ಬಾರದು. ಕರೆಂಟ್ ಬಿಗಿಹಿಡಿದರೆ ಗದ್ದಲ ಏರುತ್ತದೆ. ಗದ್ದಲ ಇಳಿಸಹೋದರೆ ಬ್ಯಾಟರಿ ಬರಿದಾಗುತ್ತದೆ. ಈ ಜಗ್ಗಾಟದಲ್ಲಿ ಮೂವತ್ತು ತುಂಬುವ ಮೊದಲೇ ಅವನ ನೆತ್ತಿ ಬಯಲಾಗಿತ್ತು.

ಕಾರ್ಖಾನೆಯಿಂದ ಮೊದಲ ಚಿಪ್ಪುಗಳು ಬಂದ ದಿನವೇ ಸಂಜೆ ಮೀಟಿಂಗು. ಗದ್ದಲ ಗೊತ್ತುಮಾಡಿದ ಗುರಿಗಿಂತ ಹೆಚ್ಚಾದರೆ ಇವನದನ್ನು ಕಿತ್ತುಹಾಕಿ ಹೊರಗಿನ ಕಂಪನಿಯ ಆಂಪ್ಲಿಫೈಯರ್ ಕೂರಿಸುವುದೆಂದು ತಂಡದ ಮುಖ್ಯಸ್ಥರಾದ ಸರ್ ಖಡಾಖಂಡಿತವಾಗಿ ಹೇಳಿದ್ದರು.

ಕಿಟಕಿಯಿಲ್ಲದ ಲ್ಯಾಬಿನಲ್ಲಿ ಉಸಿರು ಬಿಗಿಹಿಡಿದು ಅಳೆದ. ಗದ್ದಲ ಗುರಿಯ ಅರ್ಧಕ್ಕೂ ಕಡಿಮೆ! ಬೇರೆಯವರ ಸರ್ಕ್ಯೂಟಾಗಿದ್ದರೆ ಎಲ್ಲೋ ಎಡವಟ್ಟಾಗಿದೆ ಎನ್ನುತ್ತಿದ್ದ. ತನ್ನದಲ್ಲವೇ, ಪ್ರತಿಭೆ ಎಂದುಕೊಂಡ. ಸರ್‌ಗೆ ಮೆಸೇಜು ಹಾಕಿ, ಅಮ್ಮನಿಗೆ ಫೋನು ಮಾಡಿದ.

“ನಿನ್ನ ಯಂತ್ರ ಗಲಾಟೆ ಮಾಡಲ್ಲ ಅಂತ ಹೇಳೋಕೆ ಇಷ್ಟು ಕಿರುಚಬೇಕೇನೋ?” ಎಂದರು ಅಮ್ಮ.

ಅಷ್ಟರಲ್ಲಿ ಲ್ಯಾಬ್ ನೋಡಿಕೊಳ್ಳುವ ಅಕ್ಕ ಹಿಂದೆ ಬಂದು ನಿಂತಿದ್ದಳು. ಇಡೀ ಆಫೀಸಿಗೇ ಅವಳು ಅಕ್ಕ. ಪರದೆ ನೋಡಿ ಹುಬ್ಬೇರಿಸಿದಳು.

“ಕೇಬಲ್‌ನಿಂದ ಆಗೋ ಗದ್ದಲ ಕಳೆದ್ಯಾ?”

“ಕಳೆದೆ ಅಕ್ಕ. ಅಷ್ಟೂ ಗೊತ್ತಿಲ್ವಾ ನಂಗೆ?”

“ಬೆಳಿಗ್ಗೆ ನಿನ್ನೆದುರಿಗೇ ಅಳೆಯೋ ಮೆಷಿನ್‌ಗೆ ಹೇಳಿಟ್ಟೆನಲ್ಲೋ! ಅದು ಕಳೆದೇ ತೋರಿಸ್ತಿದೆ. ಮೇಲಿಂದ ನೀನೂ ಕಳೆದ್ರೆ, ಬರೀ ತಂತಿ ಸಿಕ್ಕಿಸಿದ್ರೂ ಬಹುಮಾನ ಬರುತ್ತೆ ಬಿಡು.”

ಅವನ ಮುಖ ಇಂಗು ತಿಂದ ಮಂಗನಂತಾಯಿತು. ಒಂದೇ ಸಲ ಕಳೆದು ನೋಡಿದರೆ, ಗದ್ದಲ ಗುರಿಗಿಂತ ಕೂದಲೆಳೆಯಷ್ಟು ಮೇಲಿತ್ತು.

ಚಿಪ್ಪಿನಲ್ಲಿ ಕರೆಂಟ್ ಏರಿಸಲು ಮೆಟ್ಟಿಲುಗಳನ್ನು ಇವನೇ ಇಟ್ಟಿದ್ದ. ಆದರೆ ಅತಿ ಕೆಳಗಿನದನ್ನು ಬಿಟ್ಟು ಕದಲಿರಲಿಲ್ಲ. ಇಷ್ಟು ಕಡಿಮೆ ಕರೆಂಟಿನಲ್ಲಿ ಯಾರೂ ಮಾಡಿಲ್ಲ ಎಂದು ಊರೆಲ್ಲ ಹೇಳಿಕೊಂಡು ಬಂದವನು ಈಗ ಹೇಗೆ ಏರಿಸುವುದು?

“ಸರ್ಕ್ಯೂಟ್ ಉಳಿಬೇಕಾ, ನಿನ್ನ ಜಂಬ ಉಳಿಬೇಕಾ?” ಎಂದಳು ಅಕ್ಕ.

ಹಲ್ಲು ಕಚ್ಚಿ ಒಂದು ಮೆಟ್ಟಿಲು ಏರಿಸಿದ. ಗದ್ದಲ ಗುರಿಯ ಕೆಳಗಿಳಿಯಿತು. ಮತ್ತೆ ಅಳೆದರೂ ಅಷ್ಟೇ. ಸರ್ ಕೋಣೆಗೆ ಹೋಗಿ ಬಾಗಿಲಲ್ಲೇ ನಿಂತು ಎಲ್ಲವನ್ನೂ ಒಪ್ಪಿಸಿದ.

“ಬ್ಯಾಟರಿ ಎಷ್ಟು ದಿನ ಬರುತ್ತೆ?”

“ನಾನು ಹೇಳ್ಕೊಂಡು ತಿರುಗಿದಷ್ಟು ಬರಲ್ಲ ಸರ್. ನೀವು ಕೇಳಿದಷ್ಟು ಬರುತ್ತೆ.”

“ನಾನು ಕೇಳಿದ್ದು ಅಷ್ಟೇ ಅಲ್ವೇನಯ್ಯಾ? ಆ ಮೆಸೇಜ್ ಸರಿಮಾಡಿ ಕಳಿಸು, ಹೋಗು.”

ಗೋಡೆಯ ಬೋರ್ಡಿನ ಮೇಲಿದ್ದ ಹೊರಗಿನ ಕಂಪನಿಯ ಹೆಸರನ್ನು ಸರ್ ಅಂಗೈಯಿಂದಲೇ ಒರೆಸಿದರು. ಕುಣಿಯಬೇಕಾದವನು ಮೆಟ್ಟಿಲಿಳಿಯುತ್ತಾ ಲೆಕ್ಕ ಹಾಕುತ್ತಿದ್ದ. ಆ ಒಂಚೂರು ಕರೆಂಟಿಗಾಗಿ ಅವನ ಹೊಟ್ಟೆ ಇನ್ನೂ ಉರಿಯುತ್ತಿತ್ತು.