ನೆರಳು ಮಾಸ್ತರ ಪಿಟೀಲು

ನಮ್ಮವರು ದಾರಿಯಲ್ಲೂ ನನಗಿಂತ ಒಂದು ಹೆಜ್ಜೆ ಹಿಂದೆಯೇ ನಡೆಯುತ್ತಿದ್ದರು. ನೋಡಿದವರಿಗೆ ನಾನೇ ಅವರನ್ನು ಎಳೆದುಕೊಂಡು ಹೋಗುತ್ತಿದ್ದೇನೆ ಅನ್ನಿಸಬೇಕು. ಮನೆಯಲ್ಲೂ ಅಷ್ಟೇ. "ಹೊರಗೆ ಚಳಿ ಇದೆ" ಅಂದರೆ "ಚಳಿ ಇದೆ" ಅನ್ನುವರು. ತಪ್ಪು ಅವರದಲ್ಲ, ಕಸುಬೇ ಅಂಥದು. ರೇಡಿಯೋ ಸ್ಟೇಷನ್ನಿನಲ್ಲಿ ಹಾಡುವವರ ಪಕ್ಕ ಕೂತು ಪಿಟೀಲು ನುಡಿಸುವ ಕೆಲಸ. ಹಾಡುವವರು ಒಂದು ಸಾಲು ಹಾಡಿ ಉಸಿರು ತೆಗೆದುಕೊಳ್ಳುವಾಗ ಇವರು ಆ ಸಾಲನ್ನು ತಂತಿಯ ಮೇಲೆ ಹೇಳಬೇಕು. ಅವರು ಎಲ್ಲಿಗೆ ಹೋದರೆ ಅಲ್ಲಿಗೆ ಹೋಗಬೇಕು, ಮುಂದೆ ಮಾತ್ರ ಹೋಗಬಾರದು. ಸ್ಟೇಷನ್ನಿನವರು ಇವರಿಗೆ ನೆರಳು ಮಾಸ್ತರು ಅಂತಲೇ ಹೆಸರಿಟ್ಟಿದ್ದರು.

ನಾವಿದ್ದದ್ದು ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ. ಕೆಳಗೆ ಹೊಲಿಗೆ ಯಂತ್ರ ಕಟಕಟ ಅನ್ನುತ್ತಿದ್ದರೆ ಮೇಲೆ ಇವರ ಸಾಧನೆ. ಕಮಾನಿಗೆ ಉಜ್ಜಿದ ರಾಳದ ಪುಡಿ ಕಿಟಕಿಯ ಕಟ್ಟೆಯ ಮೇಲೆ ಹಿಟ್ಟಿನ ಹಾಗೆ ಬಿದ್ದಿರುತ್ತಿತ್ತು, ಒರೆಸಿದಷ್ಟೂ ಬೀಳುತ್ತಿತ್ತು. ರೇಡಿಯೋದಲ್ಲಿ ಹಾಡಿದವರ ಹೆಸರು ಹೇಳಿ, ಕೊನೆಗೆ ಪಿಟೀಲಿನವರ ಹೆಸರು ಹೇಳುವ ಪದ್ಧತಿ. ಸಮಯ ಸಾಲದಿದ್ದರೆ ಅದನ್ನೂ ಬಿಟ್ಟುಬಿಡುವರು. ಮಗಳು ಕಿವಿ ಹಚ್ಚಿ ಕೂತಿದ್ದು, "ಅಮ್ಮಾ, ಇವತ್ತೂ ಅಪ್ಪನ್ನ ನುಂಗಿದ್ರು!" ಅಂತ ಕೂಗುವಳು. ಕೇಳಿ ಇವರೂ ನಗುವರು. ಆದರೆ ಒಂದು ಸಲ, ನಾನು ಅವರ ಷರಟಿಗೆ ಗುಂಡಿ ಹೊಲಿಯುತ್ತಿದ್ದಾಗ, "ಒಂದೇ ಒಂದು ಸಲ ನನ್ನ ಹೆಸರು ಮೊದಲು ಹೇಳಿದ್ರೆ ಸಾಕು ಕಣೇ" ಅಂದರು. ಅವರು ತಾವಾಗಿ ಮಾತು ಶುರು ಮಾಡಿದ್ದೇ ಅಪರೂಪ, ಅದಕ್ಕೇ ಮರೆತಿಲ್ಲ.

ನಿವೃತ್ತಿಯ ವರ್ಷ ಅಧಿಕಾರಿಗಳು ಕರೆದು, "ಹೋಗೋಕೆ ಮುಂಚೆ ನೀವೊಬ್ರೇ ಅರ್ಧ ಗಂಟೆ ನುಡಿಸ್ಬೇಕು ಮಾಸ್ತರೇ. ಬೆಳಗ್ಗೆ, ನೇರ ಪ್ರಸಾರ" ಅಂದರಂತೆ. ಇವರು ಚಪ್ಪಲಿ ಬಿಚ್ಚುವುದನ್ನೂ ಮರೆತು ಅಡುಗೆಮನೆಗೆ ಬಂದು ಹೇಳಿದರು.

ಮಾರನೆಯ ದಿನ ಪಿಟೀಲು ಹಿಡಿದು ಕೂತರು. ಕಮಾನು ತಂತಿಯ ಮೇಲಿದೆ, ಕೈ ಓಡುತ್ತಿಲ್ಲ. ಹೇಗೋ ಒಂದು ಸಾಲು ನುಡಿಸಿದರು, ನಿಲ್ಲಿಸಿದರು, ಪಕ್ಕಕ್ಕೆ ತಿರುಗಿ ಕಾದರು.

"ಯಾಕ್ರೀ ನಿಲ್ಲಿಸಿದ್ರಿ?"

"ಅವರು ಮುಂದಿನ ಸಾಲು..." ಅಂದವರು ನಾಲಿಗೆ ಕಚ್ಚಿಕೊಂಡರು. ಪಕ್ಕದಲ್ಲಿ ಯಾರಿದ್ದರು? ಖಾಲಿ ಕುರ್ಚಿ.

ದಿನ ಹತ್ತಿರ ಬಂದರೂ ಅದೇ ಪಾಡು. "ಬೇಡ ಅಂತ ಹೇಳಿಬಿಡ್ತೀನಿ. ಅಲ್ಲಿ ಸುಮ್ಮನೆ ಕೂತ್ರೆ ಬೇರೆ ಯಾರದ್ದೋ ರೆಕಾರ್ಡ್ ಹಾಕಿಬಿಡ್ತಾರೆ. ಮರ್ಯಾದೆ ಮೂರಾಬಟ್ಟೆ ಆಗುತ್ತೆ" ಅಂದರು. ಜೀವಮಾನವೆಲ್ಲ ಕಾದದ್ದು ಕೈಗೆ ಬಂದೂ ಬಾಯಿಗೆ ಬರಲಿಲ್ಲವಲ್ಲ! ಕೈಯಲ್ಲಿದ್ದ ಪಾತ್ರೆ ಕುಕ್ಕಿ, ಅವರು ದಿನಾ ನುಡಿಸುವ ಹಾಡಿನ ಮೊದಲ ಸಾಲನ್ನು ನಾನೇ ಹಾಡಿಬಿಟ್ಟೆ. ನನ್ನ ಗಂಟಲು ಎಂಥದೆಂದರೆ, ಜೋಗುಳ ಹಾಡಿದರೆ ಮಲಗಿದ್ದ ಮಗಳು ಎದ್ದು ಕೂರುತ್ತಿದ್ದಳು. ಕೆಳಗೆ ಹೊಲಿಗೆ ಯಂತ್ರ ನಿಂತಿತು.

"ಏನಕ್ಕಾ, ಬೆಕ್ಕಿನ ಬಾಲ ಬಾಗಿಲಿಗೆ ಸಿಕ್ತಾ?" ಅಂತ ದರ್ಜಿ ಕೂಗಿದ.

"ನಿನ್ನ ಕತ್ತರಿ ನೋಡ್ಕೊಳೋ!" ಅಂದೆ.

ಅಷ್ಟರಲ್ಲಿ ಇವರ ಕಮಾನು ಓಡತೊಡಗಿತ್ತು. ನಾನು ಕೆಡಿಸಿದ ಸಾಲನ್ನೇ ತೊಳೆದು, ಒರೆಸಿ, ಫಳಫಳ ಅನ್ನಿಸಿ ನುಡಿಸಿದರು. ಅಂದಿನಿಂದ ನಾನು ಪಾತ್ರೆ ತಿಕ್ಕುತ್ತ ಹಾಡುವುದು, ಅವರು ನುಡಿಸುವುದು. ಮಗಳು ಕಿವಿಗೆ ಹತ್ತಿ ತುರುಕಿಕೊಂಡು ಕಾಲೇಜಿನ ಪಾಠ ಓದುವಳು.

"ಸ್ಟುಡಿಯೋ ಒಳಗೆ ನಿನ್ನ ಬಿಡಲ್ವಲ್ಲೇ" ಅಂದರು ಹೊರಡುವ ದಿನ.

"ಬಿಟ್ರೆ ಸ್ಟೇಷನ್ನೇ ಮುಚ್ಬೇಕಾಗುತ್ತೆ, ನಡೀರಿ" ಅಂದು ಪಿಟೀಲಿನ ಪೆಟ್ಟಿಗೆ ಕೈಗೆ ಕೊಟ್ಟೆ.

ನಾನೂ ಮಗಳೂ ರೇಡಿಯೋ ಮುಂದೆ ಕೂತೆವು. ದರ್ಜಿ ಕೊರಳಲ್ಲಿ ಅಳತೆ ಪಟ್ಟಿ ನೇತುಹಾಕಿಕೊಂಡೇ ಬಂದು ಬಾಗಿಲಲ್ಲಿ ನಿಂತ. ಹೆಸರು ಹೇಳಿದರು, ಮೊದಲಿಗೇ ಹೇಳಿದರು. ಆಮೇಲೆ ಸದ್ದೇ ಇಲ್ಲ. ರೇಡಿಯೋದ ಗೊರಗೊರ ಮಾತ್ರ. ಮಗಳು ನನ್ನ ಕೈ ಬಿಗಿಯಾಗಿ ಹಿಡಿದಳು. ಇನ್ನೇನು ರೆಕಾರ್ಡ್ ಹಾಕಿಬಿಡುತ್ತಾರೆ ಅನ್ನಿಸಿತು. ತಡೆಯಲಾರದೆ ರೇಡಿಯೋಕ್ಕೇ ಹಾಡಿದೆ. ದರ್ಜಿ ಕೂಡ ನಗಲಿಲ್ಲ. ನಾನು ಸಾಲು ಮುಗಿಸುವಷ್ಟರಲ್ಲಿ ಪಿಟೀಲು ಶುರುವಾಯಿತು. ನನ್ನಿಂದಲೇ ಆಯಿತು ಅನ್ನುವಷ್ಟು ಹುಚ್ಚಿ ನಾನಲ್ಲ.

ಮನೆಗೆ ಬಂದ ಮೇಲೆ ಇವರನ್ನು ಕೇಳಿದೆ: "ಅಷ್ಟು ಹೊತ್ತು ಏನು ಮಾಡ್ತಿದ್ರಿ?"

"ತಲೆಯೊಳಗೆ ನಿನ್ನ ಗಂಟಲು ಕೇಳ್ತಿತ್ತು ಕಣೇ. ಸರಿ ಮಾಡದೆ ಹಾಗೇ ಬಿಡೋಕೆ ಮನಸ್ಸು ಬರ್ಲಿಲ್ಲ."

ಆ ಅರ್ಧ ಗಂಟೆಯುದ್ದಕ್ಕೂ ಸಾಲು ಸಾಲಿನ ನಡುವೆ ಜಾಗ ಬಿಟ್ಟಿದ್ದರು. ಆ ಅಭ್ಯಾಸ ಹೋಗಲೇ ಇಲ್ಲ. ಪತ್ರಿಕೆಯವನೊಬ್ಬ ನಿಲುಗಡೆ ಹೆಚ್ಚಾಯಿತು ಅಂತ ಬರೆದ. ಬರೆದುಕೊಳ್ಳಲಿ.

ನಮ್ಮವರು ತೀರಿಹೋದ ಮೇಲೆ ಸ್ಟೇಷನ್ನಿನವರು ಆ ಅರ್ಧ ಗಂಟೆಯ ರೆಕಾರ್ಡನ್ನು ಆಗಾಗ ಹಾಕುತ್ತಾರೆ. ಮೊನ್ನೆಯೂ ಹಾಕಿದರು. ಮಗಳಿಗೂ ಈಗ ತಲೆ ನರೆತಿದೆ. ಅವಳೇ ರೇಡಿಯೋ ದೊಡ್ಡದು ಮಾಡಿದಳು. ನಾನು ಪಾತ್ರೆ ತಿಕ್ಕುತ್ತ, ಅವರು ಬಿಟ್ಟ ಜಾಗ ಬಂದಾಗಲೆಲ್ಲ ಸಾಲು ಹಾಡುತ್ತ ಹೋದೆ.

"ಅಮ್ಮಾ, ಅಪಸ್ವರ!" ಅಂದಳು.

"ಇರಲಿ ಬಿಡೇ. ನಾನು ಕೆಡಿಸ್ದೆ ಇದ್ರೆ ನಿಮ್ಮಪ್ಪ ಮುಂದಕ್ಕೆ ಹೋಗಲ್ಲ."