ಎಂಬತ್ತರಲ್ಲಿ ಹೋಗಿದ್ದರೆ

ಮೆಂತೆ ಪಲ್ಲೆ ಸೋಸುತ್ತ ಕೂತಿದ್ದೆ. ಚಿಕ್ಕೋಡಿಯಿಂದ ತಮ್ಮನ ಫೋನು ಬಂತು.

"ಅಕ್ಕಾ, ಡಾಕ್ಟರು ಕೈ ಚೆಲ್ಲ್ಯಾರ. ಅವ್ವನ್ನ ಮನಿಗೆ ತಂದೀವಿ. ನಿನ್ನ ಕೇಳಾಕತ್ತಾಳ, ಲಗೂನ ಬಾ."

ಕೊಲ್ಹಾಪುರದ ನಮ್ಮ ಮನೆಯಿಂದ ಚಿಕ್ಕೋಡಿ ಒಂದೂವರೆ ತಾಸಿನ ಹಾದಿ. ಕೊನೆಗಾಲಕ್ಕೆ ಮಗಳ ಕೈಯಿಂದ ತುಳಸಿ ನೀರು ಬಾಯಿಗೆ ಬೀಳಬೇಕು ಅಂತ ಅವ್ವನ ಆಸೆ. ಅವಳಿಗೆ ನಾನೊಬ್ಬಳೇ ಮಗಳು. ಯಲ್ಲಮ್ಮನನ್ನು ನೆನೆದು ಕಾರು ಹತ್ತಿದೆ.

ಹೆದ್ದಾರಿ ಸಿಕ್ಕಿದ್ದೇ ತಡ, ಯಜಮಾನರು ನೂರಾ ಇಪ್ಪತ್ತಕ್ಕೆ ಏರಿಸಿದರು. ಕಾಗಲ್ಲಿನ ಪಂಪು ಕಂಡಾಗ, "ಪೆಟ್ರೋಲ್ ಹಾಕಿಸ್ರಿ" ಅಂದೆ.

"ಇಲ್ಲ್ಯಾಕ? ಗಡಿ ದಾಟಿದ್ರ ಕೊಗನೊಳ್ಯಾಗ ಅಗ್ಗ ಐತಿ. ಮೀಟರ್ ನೋಡು, ಇನ್ನೂ ಹದಿನೈದು ಕಿಲೋಮೀಟರ್ ಹೋಗತೈತಿ."

ನಮ್ಮ ಕಡೆಯವರ ರೂಢಿಯೇ ಅದು, ಟಾಕಿ ಬತ್ತಿದರೂ ಕರ್ನಾಟಕದ ಪಂಪಿಗೇ ಕಾಯುತ್ತಾರೆ. ಅವರು ಇನ್ನಷ್ಟು ಒತ್ತಿದರು. ಮೀಟರಿನ ಅಂಕಿ ದಾರಿಗಿಂತ ಬೇಗ ಕರಗಿತು. ಕೊಗನೊಳ್ಳಿ ಇನ್ನೂ ಮೂರು ಕಿಲೋಮೀಟರ್ ಇದ್ದಾಗ ಗಾಡಿ ಕೆಮ್ಮಿ ನಿಂತಿತು.

ಮೇವಿನ ಹೊರೆ ಹೇರಿಕೊಂಡ ರೈತನೊಬ್ಬ ಬೈಕು ನಿಲ್ಲಿಸಿದ. ಪೆಟ್ರೋಲ್ ತೀರಿದ್ದನ್ನು ಇವರು ಹೇಳಿದರು.

"ಎಷ್ಟರಾಗ ಹೊಂಟಿದ್ರಿ ಸಾಹೇಬ್ರ?"

"ನೂರಾ ಇಪ್ಪತ್ತು, ಮೂವತ್ತು."

"ಹಂಗಾದ್ರ ಗಾಡಿ ಗಟಗಟ ಕುಡೀತೈತ್ರಿ. ಎಂಬತ್ತರಾಗ ಬಂದಿದ್ರ ಪಂಪಿನ ಮುಂದನ ನಿಲ್ತಿದ್ರಿ."

"ನನಗ ಗಾಡಿ ಹೊಡಿಯೋದು ಕಲಸ್ತೀಯೇನ್ಲೇ?"

"ನಾ ಯಾಕ ಕಲಸ್ಲಿರಿ? ಗಾಡಿನ ಕಲಿಸೇತಲ್ಲ. ಹತ್ರಿ ಹಿಂದ."

ಹೊರೆ ರಸ್ತೆಯ ಬದಿಗೆ ಇಳಿಸಿ ಇವರನ್ನು ಪಂಪಿಗೆ ಕರೆದೊಯ್ದ, ತಿರುಗಿ ಬಿಟ್ಟೂ ಹೋದ. ಆ ಪುಣ್ಯಾತ್ಮ ಚಹಾಕ್ಕೂ ಕೈ ಚಾಚಲಿಲ್ಲ. ದೇವರು ಅಷ್ಟಾದರೂ ಕೊಟ್ಟ. ಆದರೆ ಮುಕ್ಕಾಲು ತಾಸು ಹೋಗಿತ್ತು.

ಮನೆ ಮುಟ್ಟಿದಾಗ ಅವ್ವ ಹೋಗಿ ಅರ್ಧ ತಾಸಾಗಿತ್ತು.

"ಬಂದಳೇನು, ಬಂದಳೇನು ಅಂತ ಬಾಗಿಲಾನ ನೋಡತಿದ್ಲು ಅಕ್ಕಾರ," ಅಂದಳು ತಮ್ಮನ ಹೆಂಡತಿ.

ಮುಖ ಇನ್ನೂ ಮುಚ್ಚಿರಲಿಲ್ಲ. ಅದೂ ದೇವರ ದಯೆಯೇ ಅಂದುಕೊಂಡೆ. ತುಳಸಿ ನೀರು ಬಿಟ್ಟೆ. ಒಳಗಿಳಿಯದೆ ಕೆನ್ನೆಯ ಮೇಲೆ ಹರಿಯಿತು. ಸೆರಗಿನಿಂದ ಒರೆಸಿದೆ.

ಹೊರಗೆ ಕಟ್ಟೆಯ ಮೇಲೆ ಯಜಮಾನರು ಬೀಗರಿಗೆ ಹೇಳುತ್ತಿದ್ದರು, "ನಾ ಏನ್ ಕಡಿಮಿ ಓಡಿಸಿಲ್ರಿ, ನೂರಾ ಇಪ್ಪತ್ತರಾಗ ಬಂದೀನಿ. ಹಣೇಬರದಾಗ ಇರಲಿಲ್ಲ."

ಹಣೆಬರಹದ ಮೇಲೆ ಯಾಕೆ ಹಾಕುತ್ತೀರಿ ಅಂತ ಕೇಳಬೇಕೆನಿಸಿತು. ಹೆಣದ ಮುಂದೆ ಜಗಳ ಬೇಡವೆಂದು ನುಂಗಿಕೊಂಡೆ. ಆಮೇಲೂ ಕೇಳಲಿಲ್ಲ, ಕ್ಷಮಿಸಿಯೂ ಇಲ್ಲ.

ಹಿತ್ತಲಲ್ಲಿ ಎಮ್ಮೆ ಒದರತೊಡಗಿತ್ತು, ಹಿಂಡುವ ಹೊತ್ತು ಮೀರಿತ್ತು. ಚರಿಗೆ ತೊಳೆದುಕೊಂಡು ಹೋಗಿ ಅದರ ಕೆಚ್ಚಲಿಗೆ ನೀರು ಹೊಡೆದೆ.